ಮೀನಿನ ಮನೆಯ ಸದ್ದು

ಸಾಕುಪ್ರಾಣಿಗಳಲ್ಲೆಲ್ಲ ಮೀನೇ ಸಾಧುವಾದದ್ದು ಎಂದು ಲೋಕದಲ್ಲಿ ಒಂದು ನಂಬಿಕೆ ಉಂಟು. ಅದು ನಾಯಿಯಂತೆ ಬೊಗಳುವುದಿಲ್ಲ, ಬೆಕ್ಕಿನಂತೆ ಹಾಲಿನ ಪಾತ್ರೆಗೆ ಬಾಯಿ ಹಾಕುವುದಿಲ್ಲ, ಗಿಳಿಯಂತೆ ಬಂದ ನೆಂಟರ ಮುಂದೆ ಮನೆಯ ಗುಟ್ಟನ್ನು ಒದರುವುದಿಲ್ಲ. ಬಾಡಿಗೆಗೆ ಮನೆ ಕೊಡುವವರು ಕೂಡ “ಪ್ರಾಣಿ ಗೀಣಿ ಇದೆಯೇ?” ಎಂದು ಕೇಳಿ, ಮೀನು ಎಂದ ಕೂಡಲೇ “ಅದೇನೂ ಲೆಕ್ಕಕ್ಕಿಲ್ಲ ಬಿಡಿ” ಎಂದುಬಿಡುತ್ತಾರೆ. ಮೀನಿನ ಮಟ್ಟಿಗೆ ಈ ಮಾತು ನಿಜವೇ. ಆದರೆ ಮೀನು ಒಂಟಿಯಾಗಿ ಬರುವುದಿಲ್ಲ. ಅದರ ಜೊತೆಗೆ ಗಾಜಿನ ತೊಟ್ಟಿ, ತೊಟ್ಟಿಯ ಕೆಳಗೆ ಮರದ ಕಪಾಟು, ಕಪಾಟಿನ ಒಳಗೆ ಒಂದು ಯಂತ್ರ, ಹೀಗೆ ಒಂದು ದಿಬ್ಬಣವೇ ಬರುತ್ತದೆ. ದಿಬ್ಬಣದಲ್ಲಿ ಮದುವಣಗಿತ್ತಿ ತುಟಿ ಬಿಚ್ಚದಿರಬಹುದು, ವಾಲಗದವರು ಸುಮ್ಮನಿರುತ್ತಾರೆಯೇ?

ನಮ್ಮಲ್ಲಿಗೆ ಈ ದಿಬ್ಬಣ ಬಂದದ್ದು ಮಗಳ ದೆಸೆಯಿಂದ. ಹೈಸ್ಕೂಲಿನಲ್ಲಿದ್ದಾಗ ಒಂದು ಗಾಜಿನ ಬುಡ್ಡಿಯಿಂದ ಆರಂಭಿಸಿದವಳು ಪಿ.ಯು.ಸಿ. ಮುಗಿಸುವ ವೇಳೆಗೆ ಮೂರಡಿ ಉದ್ದದ ತೊಟ್ಟಿಗೆ ಒಡತಿಯಾಗಿದ್ದಳು. ಅದರಲ್ಲಿ ಸುಮಾರು 150 ಲೀಟರ್ ನೀರು, ನಾಲ್ಕು ಏಂಜಲ್ ಮೀನು, ಒಂಬತ್ತು ಟೆಟ್ರ, ಮತ್ತು ಗಾಜಿಗೆ ಬಾಯಿ ಹಚ್ಚಿಕೊಂಡು ಸಭೆಯ ಅಧ್ಯಕ್ಷರಂತೆ ಕದಲದೆ ಕೂರುವ ಒಂದು ಸಕ್ಕರ್. ಆಮೇಲೆ ಅವಳು ಓದಿಗೆಂದು ಬೇರೆ ಊರಿನ ಹಾಸ್ಟೆಲ್ ಸೇರಿದಳು. ಇವರೆಲ್ಲ ನನ್ನ ಪಾಲಿಗೆ ಉಳಿದರು. ಹೋಗುವ ಮುನ್ನ ನನ್ನ ಕೈಗೆ ಒಂದು ನೋಟುಪುಸ್ತಕ ಕೊಟ್ಟಳು. ಇಪ್ಪತ್ತು ವರ್ಷದಿಂದ ಬೇರೆಯವರ ಉತ್ತರಪತ್ರಿಕೆಗಳಲ್ಲಿ ಅಡಿಗೆರೆ ಎಳೆಯುವುದು ನನ್ನ ಕಸುಬು. ಆ ಪುಸ್ತಕದ ಮೊದಲ ಪುಟದಲ್ಲಿ ಅವಳು ನನಗಾಗಿ ಎರಡು ಅಡಿಗೆರೆ ಎಳೆದಿದ್ದಳು: “ಫಿಲ್ಟರನ್ನು ಯಾವ ಕಾರಣಕ್ಕೂ ರಾತ್ರಿ ಆರಿಸಬಾರದು.”

ಈ ಫಿಲ್ಟರಿನ ಬಗ್ಗೆ ತಿಳಿಯದವರಿಗಾಗಿ ಎರಡು ಮಾತು. ಕಪಾಟಿನೊಳಗೆ ಎಣ್ಣೆಯ ಡಬ್ಬದಷ್ಟು ಗಾತ್ರದ ಮುಚ್ಚಿದ ಪ್ಲಾಸ್ಟಿಕ್ ಡಬ್ಬ ಇರುತ್ತದೆ. ಅಂಗಡಿಯವರು ಅದನ್ನು ಕ್ಯಾನಿಸ್ಟರ್ ಎನ್ನುತ್ತಾರೆ. ತೊಟ್ಟಿಯ ನೀರು ಒಂದು ಕೊಳವೆಯಲ್ಲಿ ಅಂಚನ್ನು ಹತ್ತಿ ದಾಟಿ, ತನ್ನ ಭಾರದಿಂದಲೇ ಕೆಳಗಿಳಿದು ಈ ಡಬ್ಬವನ್ನು ಸೇರುತ್ತದೆ. ಅಲ್ಲಿ ಸ್ಪಂಜು, ಪಿಂಗಾಣಿಯ ಸಣ್ಣ ಉಂಗುರಗಳು, ಹತ್ತಿಯಂಥ ನಾರು, ಇವುಗಳ ನಡುವೆ ಹಾದು ಶುದ್ಧವಾಗಿ, ಮುಚ್ಚಳದಲ್ಲಿರುವ ಪುಟ್ಟ ಮೋಟಾರಿನ ಬಲದಿಂದ ಇನ್ನೊಂದು ಕೊಳವೆಯಲ್ಲಿ ಮತ್ತೆ ಮೇಲಕ್ಕೆ ಹೋಗುತ್ತದೆ. ಹಿಂದಿನವರಿಗೆ ಇದಾವುದೂ ಇರಲಿಲ್ಲ. 1850ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಮೀನು, ನೀರುಗಿಡ, ಬಸವನಹುಳು ಮೂರನ್ನೂ ಒಂದೇ ಪಾತ್ರೆಯಲ್ಲಿ ಹೊಂದಿಸಿಟ್ಟು, ಒಂದರ ಉಸಿರು ಮತ್ತೊಂದಕ್ಕೆ ಒದಗುವಂತೆ ಮಾಡಿ ತೋರಿಸಿದ. 1854ರಲ್ಲಿ ಫಿಲಿಪ್ ಗಾಸ್ ಬರೆದ ಪುಸ್ತಕದಿಂದ ಅಕ್ವೇರಿಯಂ ಎಂಬ ಹೆಸರು ಮನೆಮಾತಾಯಿತು. ಡಬ್ಬದ ಫಿಲ್ಟರು ಬಂದದ್ದು ಅದಕ್ಕೆ ನೂರು ವರ್ಷದ ಮೇಲೆ, 1960ರ ದಶಕದಲ್ಲಿ, ಜರ್ಮನಿಯ ಏಹೈಮ್ ಕಂಪನಿಯ ಕೈಯಿಂದ. ವಾರಿಂಗ್ಟನ್ ಮಹಾಶಯನ ಮನೆಯಲ್ಲಿ ಸದ್ದು ಇರಲಿಲ್ಲ ಎಂಬುದನ್ನು ನಾನು ಕೆಲವು ರಾತ್ರಿ ಅಸೂಯೆಯಿಂದ ನೆನೆದದ್ದುಂಟು.

“ಮನುಷ್ಯರಿಗೇ ರಾತ್ರಿ ಹೊತ್ತು ರಜ ಉಂಟು. ಯಂತ್ರಕ್ಕೆ ಬೇಡವೇ?” ಎಂದು ನನ್ನಾಕೆ ಕೇಳಿದಳು. ಮೇಲ್ನೋಟಕ್ಕೆ ನ್ಯಾಯವಾದ ಪ್ರಶ್ನೆ. ಆದರೆ ಆ ಡಬ್ಬದಲ್ಲಿ ದುಡಿಯುವುದು ಯಂತ್ರವಲ್ಲ. ಮೀನಿನ ಕಲ್ಮಷದಿಂದ ನೀರಿನಲ್ಲಿ ಅಮೋನಿಯ ಸೇರುತ್ತದೆ; ಅದು ಮೀನಿಗೆ ವಿಷ. ಪಿಂಗಾಣಿಯ ಉಂಗುರಗಳ ಸಂದುಗೊಂದುಗಳಲ್ಲಿ ಮನೆ ಮಾಡಿಕೊಂಡ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್ ಆಗಿಯೂ, ಬೇರೊಂದು ಬಗೆಯವು ಅದನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಈ ಕೊನೆಯದು ಅಷ್ಟು ಅಪಾಯಕಾರಿಯಲ್ಲ. ವಾರಕ್ಕೊಮ್ಮೆ ಒಂದಿಷ್ಟು ನೀರು ಬದಲಾಯಿಸಿದರೆ ಹೋಯಿತು. ಈ ಜೀವಿಗಳು ನೆಲೆ ನಿಲ್ಲಲು ನಾಲ್ಕಾರು ವಾರ ಬೇಕು. ಅವುಗಳಿಗೆ ಉಸಿರು ಬರುವುದು ಹರಿಯುವ ನೀರಿನಿಂದ. ಹರಿವು ನಿಂತರೆ ಮುಚ್ಚಿದ ಡಬ್ಬದೊಳಗಿನ ಆಮ್ಲಜನಕ ತೀರುತ್ತ ಬಂದು, ಕೆಲವು ಗಂಟೆಗಳಲ್ಲಿ ಅವು ಸಾಯತೊಡಗುತ್ತವೆ. ಬೆಳಿಗ್ಗೆ ಸ್ವಿಚ್ಚು ಒತ್ತಿದಾಗ ಆ ಕೊಳೆತ ನೀರೆಲ್ಲ ಮೀನಿನ ಮೈಮೇಲೆ. ನಾನು ಇಷ್ಟನ್ನೂ ಪಾಠದ ಧಾಟಿಯಲ್ಲಿ ವಿವರಿಸಿದೆ. ಆಕೆ ಪೂರ್ತಿ ಕೇಳಿ, “ಹಾಗಾದರೆ ಆ ಡಬ್ಬದೊಳಗಿರುವವರನ್ನೂ ಸೇರಿಸಿ ಎಷ್ಟು ಜನ ಆದ್ರು ನಮ್ಮನೇಲಿ?” ಎಂದಳು.

ಎರಡು ಮೂರು ತಿಂಗಳಿಗೊಮ್ಮೆ ಡಬ್ಬವನ್ನು ಬಿಚ್ಚಿ ತೊಳೆಯಬೇಕು. ತೊಳೆಯುವುದಕ್ಕೂ ತೊಟ್ಟಿಯಿಂದ ತೆಗೆದ ನೀರನ್ನೇ ಬಳಸಬೇಕು. ನಲ್ಲಿಯ ನೀರಿನ ಕ್ಲೋರೀನು ಆ ಬಡಪಾಯಿಗಳನ್ನು ಉಳಿಸುವುದಿಲ್ಲ. ಇದೆಲ್ಲ ಸುಲಭದ ಕೆಲಸ. ಮತ್ತೆ ಜೋಡಿಸಿ ಹೊರಡಿಸುವುದರಲ್ಲಿದೆ ಮಜ. ಮೋಟಾರು ನೀರನ್ನು ತಳ್ಳಬಲ್ಲದು, ಗಾಳಿಯನ್ನು ತಳ್ಳಲಾರದು. ಕೊಳವೆಯಲ್ಲಿ ಗಾಳಿ ತುಂಬಿದ್ದರೆ ಅದು ಸುಮ್ಮನೆ ಗಿರಕಿ ಹೊಡೆಯುತ್ತದೆ, ನೀರು ಮಾತ್ರ ಮೇಲೇಳುವುದಿಲ್ಲ. ಆದ್ದರಿಂದ ಮೊದಲು ಗಾಳಿಯನ್ನು ಹೊರಡಿಸಿ ನೀರನ್ನು ತುಂಬಿಸಬೇಕು. ಇದಕ್ಕೆ ಇಂಗ್ಲಿಷಿನಲ್ಲಿ ಪ್ರೈಮಿಂಗ್ ಎನ್ನುತ್ತಾರೆ. ಕನ್ನಡದಲ್ಲಿ ಏನೆನ್ನಬೇಕೆಂದು ನಾನು ನಿಘಂಟುಗಳನ್ನು ತೆರೆಯಲಿಲ್ಲ. ನನಗೆ ಗೊತ್ತಿತ್ತು.

ಕುಣಿಗಲ್ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನನ್ನ ಸೋದರಮಾವನಿಗೆ ಒಂದು ತೆರೆದ ಬಾವಿ, ಅದಕ್ಕೆ ಐದು ಎಚ್.ಪಿ.ಯ ಪಂಪು ಇತ್ತು. ಬೇಸಿಗೆಯ ರಜದಲ್ಲಿ ಅಲ್ಲಿಗೆ ಹೋದಾಗಲೆಲ್ಲ ಬೆಳಗಿನ ಮೊದಲ ಕೂಗು ಒಂದೇ: “ಅಳಿಯಂದಿರೇ, ಬನ್ನಿ, ಪಂಪಿಗೆ ನೀರು ಕುಡಿಸೋಣ!” ಬಾವಿಯ ತಳದಲ್ಲಿ ಕೊಳವೆಯ ಬಾಯಿಗೆ ಫುಟ್‌ವಾಲ್ವ್ ಎಂಬ ಒಮ್ಮುಖದ ಮುಚ್ಚಳ ಇರುತ್ತದೆ. ಮಾವನ ಬಾಯಲ್ಲಿ ಅದು ಎಂದೂ ‘ಫುಟ್‌ಬಾಲು’. ಅದು ಸವೆದು ರಾತ್ರಿಯೆಲ್ಲ ಸೋರಿ, ಬೆಳಗಾಗುವ ವೇಳೆಗೆ ಕೊಳವೆ ಬರಿದಾಗಿರುತ್ತಿತ್ತು. ಆಗ ಬಿಂದಿಗೆ ಬಿಂದಿಗೆ ನೀರನ್ನು ಮೇಲಿನಿಂದ ಹೊಯ್ಯಬೇಕು. ಸೋರಿಕೆ ಜಾಸ್ತಿಯಾದರೆ ಆ ನೀರಿಗೆ ಸಗಣಿ ಕದಡುತ್ತಿದ್ದರು. ಸಗಣಿಯ ನಾರು ಹೋಗಿ ಮುಚ್ಚಳದ ಸಂದಿಗೆ ಕೂತು ಬಿಗಿಯಾಗುತ್ತಿತ್ತು. ಬುಳುಬುಳು ಎಂದು ಗುಳ್ಳೆ ಬರುವುದು ನಿಂತಾಗ ಮಾವ “ಕುಡೀತು” ಎಂದು ಹೇಳಿ ಗುಂಡಿ ಒತ್ತುತ್ತಿದ್ದ. ಹೀಗೆ ಯಂತ್ರಕ್ಕೆ ನೀರು ಕುಡಿಸುವುದು ಎಂಬ ಮಾತು ನನಗೆ ಎಂಟನೆಯ ವಯಸ್ಸಿಗೇ ದಕ್ಕಿತ್ತು. ಇದಕ್ಕಿಂತ ಒಳ್ಳೆಯ ಪಾರಿಭಾಷಿಕ ಪದವನ್ನು ಯಾವ ಸಮಿತಿಯೂ ಕೊಡಲಾರದು ಎಂಬುದು ನನ್ನ ಅಭಿಪ್ರಾಯ.

ಬೇಸಿಗೆ ಬಲಿತು ಬಾವಿಯ ನೀರು ಇಳಿದಂತೆ ಆ ಪಂಪನ್ನೂ ಹಗ್ಗ ಕಟ್ಟಿ ಬಾವಿಯೊಳಗೆ ಒಂದೊಂದೇ ಮೆಟ್ಟಿಲು ಇಳಿಸುತ್ತಿದ್ದರು. ಏಕೆಂದು ಆಗ ತಿಳಿಯಲಿಲ್ಲ. ನೀರನ್ನು ಮೇಲೆಳೆಯುವುದು ಪಂಪಲ್ಲ, ಹೊರಗಿನ ಗಾಳಿಯ ಒತ್ತಡ ಅದನ್ನು ಒಳಗೆ ದೂಡುತ್ತದೆ. ಆ ದೂಡುವಿಕೆಗೆ ಒಂದು ಮಿತಿ ಉಂಟು. ಸಮುದ್ರಮಟ್ಟದಲ್ಲಿ ಅದು ಸುಮಾರು 34 ಅಡಿ, ಬೆಂಗಳೂರಿನ ಎತ್ತರದಲ್ಲಿ 30 ಅಡಿಯ ಆಸುಪಾಸು. ಬಳಕೆಯಲ್ಲಿ ಅಷ್ಟೂ ಸಿಕ್ಕುವುದಿಲ್ಲ. ಗೆಲಿಲಿಯೋವಿನಂಥವನನ್ನೂ ಕಾಡಿದ ಒಗಟು ಇದು. 1640ರ ದಶಕದಲ್ಲಿ ಅವನ ಶಿಷ್ಯ ಟಾರಿಚೆಲ್ಲಿ ಪಾದರಸದ ನಳಿಕೆಯಿಂದ ಬಿಡಿಸಿದ. ಮೀನಿನ ತೊಟ್ಟಿಯಲ್ಲಿ ಮೂವತ್ತು ಅಡಿಯ ಮಾತೆಲ್ಲಿ ಬಂತು, ಎರಡು ಮೂರು ಅಡಿಯ ವ್ಯವಹಾರ. ಆದರೂ ನಿಯಮ ಅದೇ.

ಮಾವನ ಊರಿನಿಂದ ಶಿಂಷಾ ನದಿಯ ಮಾರ್ಕೋನಹಳ್ಳಿ ಜಲಾಶಯಕ್ಕೆ ಹೋಗುತ್ತಿದ್ದೆವು. ಅಲ್ಲಿರುವುದು ತಾನಾಗಿ ಹೊರಡುವ ಸೈಫನ್. ಕೆರೆಯ ನೀರು ಗೊತ್ತಾದ ಮಟ್ಟ ಮೀರಿದ ಕೂಡಲೇ ಯಾರೂ ಮುಟ್ಟದೆ ಅದು ಹರಿಯತೊಡಗುತ್ತದೆ, ಮಟ್ಟ ಇಳಿದರೆ ತಾನೇ ನಿಲ್ಲುತ್ತದೆ. ಮೈಸೂರಿನ ಇಂಜಿನಿಯರ್ ಗಣೇಶ ಅಯ್ಯರ್ ಅವರು ರೂಪಿಸಿದ ಸೈಫನ್ ಇಂಥ ಯುಕ್ತಿಗಳಲ್ಲಿ ಬಹಳ ಸೊಗಸಾದದ್ದು. ನೆಟ್ಟಗೆ ನಿಂತ ಕೊಳವೆ, ಅದಕ್ಕೆ ಆಲಿಕೆಯಂಥ ಬಾಯಿ, ಮೇಲೆ ಗುಮ್ಮಟ. ಆಲಿಕೆಯ ಮೈಮೇಲೆ ಓರೆಯಾಗಿ ತಿರುಚಿದ ದಿಂಡುಗಳಿರುತ್ತವೆ. ಅಂಚು ದಾಟಿದ ನೀರು ಅವುಗಳಿಂದಾಗಿ ಸುಳಿ ಸುತ್ತುತ್ತ ಇಳಿಯುತ್ತದೆ; ಆ ಸುಳಿಯೇ ಗುಮ್ಮಟದೊಳಗಿನ ಗಾಳಿಯನ್ನು ಎಳೆದುಕೊಂಡು ಹೋಗಿ ಸೈಫನ್ನನ್ನು ಹೊರಡಿಸುತ್ತದೆ. ಬಿಂದಿಗೆ ಬೇಡ, ಸಗಣಿ ಬೇಡ, ನೀರು ತನಗೆ ತಾನೇ ನೀರು ಕುಡಿಸಿಕೊಳ್ಳುತ್ತದೆ. ಶರಾವತಿಯ ಹಿರೇಭಾಸ್ಕರ ಅಣೆಕಟ್ಟಿನಲ್ಲಿ ಇವನ್ನೇ ಸಾಲಾಗಿ ಇಟ್ಟಿದ್ದರು. 1964ರಲ್ಲಿ ಲಿಂಗನಮಕ್ಕಿ ಎದ್ದಾಗ ಆ ಅಣೆಕಟ್ಟು ಅದರ ಹಿನ್ನೀರಿನಲ್ಲಿ ಮುಳುಗಿತು. ನೀರು ತೀರ ಇಳಿದ ಬೇಸಿಗೆಗಳಲ್ಲಿ ಮೇಲೆದ್ದು ಕಾಣುತ್ತದೆ. ನೀರನ್ನು ಅಷ್ಟು ಚೆನ್ನಾಗಿ ಬಲ್ಲ ಕಟ್ಟಡವೇ ನೀರಿನಡಿ ಹೋಯಿತಲ್ಲ ಎಂದು ಚಿತ್ರ ನೋಡಿದಾಗಲೆಲ್ಲ ನನಗೆ ಒಂದು ಥರ ಆಗುತ್ತದೆ. ಇರಲಿ, ವಿಷಯಾಂತರವಾಯಿತು.

ನಮ್ಮ ಡಬ್ಬಕ್ಕೆ ಅಂಥ ಸುಳಿಯ ಭಾಗ್ಯವಿಲ್ಲ. ತಲೆಯ ಮೇಲೆ ಒಂದು ಗುಂಡಿ ಇದೆ. ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಿದರೆ ನೀರು ಎಳೆದುಕೊಳ್ಳುತ್ತದೆ ಎಂದು ಕೈಪಿಡಿ ಹೇಳುತ್ತದೆ. ಕಂಡವರು ಹಾಗೆ ಮಾಡುವುದಿಲ್ಲ. ಮುಚ್ಚಳ ಹಾಕುವ ಮೊದಲೇ ಡಬ್ಬವನ್ನು ಕಂಠಪೂರ್ತಿ ತುಂಬಿಸುತ್ತಾರೆ. ಅರ್ಧ ಕೆಲಸ ಅಲ್ಲಿಗೆ ಮುಗಿಯಿತು. ಆಮೇಲೆ ನೀರು ಹಿಂದಿರುಗುವ ಕೊಳವೆಯ ತುದಿಯನ್ನು ತೊಟ್ಟಿಯ ನೀರಿನಿಂದ ಮೇಲಕ್ಕೆ ಎತ್ತಿ ಹಿಡಿಯಬೇಕು. ಒಳಗಿನ ಗಾಳಿಗೆ ಹೊರಹೋಗಲು ಬಾಗಿಲು ಬೇಡವೇ? ಕೊಳವೆ ಹಾವಿನ ಹಾಗೆ ಬಳಸಿ ಜೋತಿರಬಾರದು; ಪ್ರತಿ ಜೋತಿನ ಮೇಲ್ಗಡೆ ಒಂದಿಷ್ಟು ಗಾಳಿ ಅಡಗಿ ಕೂರುತ್ತದೆ. ಮುಚ್ಚಳದ ರಬ್ಬರು ಬಳೆಗೆ ಸಿಲಿಕೋನ್ ಗ್ರೀಸು ಸವರಿರಬೇಕು. ನೀರು ತಾನಾಗಿ ಇಳಿದು, ಡಬ್ಬ ದಾಟಿ, ಎರಡನೆಯ ಕೊಳವೆಯಲ್ಲಿ ತೊಟ್ಟಿಯ ಮಟ್ಟಕ್ಕೆ ಸಮನಾಗಿ ಏರಿ ನಿಂತ ಮೇಲೆ ಸ್ವಿಚ್ಚು ಒತ್ತಬೇಕು. ಅದಕ್ಕೆ ಮೊದಲು ಒತ್ತಿದರೆ ಒಣ ಓಟ. ಒಳಗೆ ತಿರುಗುವ ಚಕ್ರಕ್ಕೆ ನೀರೇ ಎಣ್ಣೆ; ಅದಿಲ್ಲದೆ ಓಡಿದರೆ ಅಚ್ಚು ಸವೆಯುತ್ತದೆ. ಕೊನೆಗೆ ಡಬ್ಬವನ್ನು ಎರಡೂ ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ಮೆಲ್ಲಗೆ ವಾಲಿಸಬೇಕು. ಹಾಲು ಕುಡಿಸಿದ ಮೇಲೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತಾರಲ್ಲ, ಹಾಗೆ. ಅದೂ ತೇಗುತ್ತದೆ.

ಸದ್ದಿನ ಮಾತು ಈಗ. ಈ ಯಂತ್ರ ಒಂದೇ ಸದ್ದು ಮಾಡಿದರೆ ಅದರ ವಿಚಾರ ಬರೆಯುವ ಅಗತ್ಯ ಬೀಳುತ್ತಿರಲಿಲ್ಲ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಶಬ್ದವು ನಾಭಿಮೂಲದಲ್ಲಿ ಗಾಳಿಯ ನೆರವಿನಿಂದ ಕಹಳೆಯ ರೀತಿಯಲ್ಲಿ ಹುಟ್ಟುತ್ತದೆಂದೂ ಅದರ ಬಣ್ಣ ಬಿಳಿಯೆಂದೂ ಹೇಳಿದ್ದಾನೆ. ತರಗತಿಯಲ್ಲಿ ಈ ಸೂತ್ರ ಬಂದಾಗಲೆಲ್ಲ ಹುಡುಗರು ಬಣ್ಣದ ವಿಷಯಕ್ಕೆ ನಗುತ್ತಾರೆ. ಗಾಳಿಯ ವಿಷಯದಲ್ಲಿ ಮಾತ್ರ ಅವನು ನಮ್ಮ ಕಪಾಟಿನೊಳಗೆ ಕುಳಿತು ಬರೆದಂತಿದೆ. ಫೋನಿನಲ್ಲಿ ಮಗಳು ಕೇಳುವ ಪ್ರಶ್ನೆಗಳಂತೂ ಪೂರ್ತಿ ಅನುಕರಣಾವ್ಯಯದ ಪಾಠ. “ಅಪ್ಪ, ಗುಂಯ್ ಅಂತಿದೆಯಾ, ಗೊರಗೊರ ಅಂತಿದೆಯಾ, ಕಟಕಟ ಅಂತಿದೆಯಾ?”

ಗುಂಯ್ ಎಂದರೆ ಕೆಡುಕಿಲ್ಲ. ಒಳಗಿನ ಅಯಸ್ಕಾಂತದ ಚಕ್ರ ನಮ್ಮ ವಿದ್ಯುತ್ತಿನ ಲಯಕ್ಕೆ ಸರಿಯಾಗಿ ಸಾಮಾನ್ಯವಾಗಿ ನಿಮಿಷಕ್ಕೆ 3000 ಸುತ್ತು ಸುತ್ತುತ್ತದೆ. ಅದರ ಸಹಜ ಶ್ರುತಿ ಅದು. ಆದರೆ ಡಬ್ಬ ಮರದ ಕಪಾಟಿಗೆ ತಾಗಿಕೊಂಡಿದ್ದರೆ ಕಪಾಟು ತಂಬೂರಿಯ ಬುರುಡೆಯ ಕೆಲಸ ಮಾಡುತ್ತದೆ. ಅಡಿಗೆ ದಪ್ಪ ಸ್ಪಂಜಿನ ಹಾಳೆ ಹಾಕಿ, ಗೋಡೆಗೂ ಗಾಜಿಗೂ ಕೊಳವೆ ತಾಗದಂತೆ ಸರಿಸಿದರೆ ಸಂಗೀತ ಮುಗಿಯಿತು. ಕಟಕಟ ಎಂದರೆ ಚಕ್ರದಲ್ಲಿ ಏನೋ ಸಿಕ್ಕಿದೆ, ಇಲ್ಲವೇ ಪಿಂಗಾಣಿಯ ಅಚ್ಚು ಸೀಳಿದೆ. ನಾನು ಒಮ್ಮೆ ಬಿಚ್ಚಿದಾಗ ಸಾಸಿವೆಗಿಂತ ತುಸು ದೊಡ್ಡದಾದ ಒಂದು ಬಸವನಹುಳು ಸಿಕ್ಕಿತು. ಮೂರು ಸಾವಿರ ಸುತ್ತಿನ ಆಮೇಲೂ ಅದು ಜೀವಂತವಾಗಿತ್ತು. ತೊಟ್ಟಿಗೆ ಬೀಳುವ ನೀರಿನ ಗುಳುಗುಳುವನ್ನು ತುದಿಯ ಕೊಳವೆಯನ್ನು ನೀರಿನೊಳಕ್ಕೆ ಒಂದು ಬೆರಳು ಇಳಿಸಿ ನಿಲ್ಲಿಸಬಹುದು. ಉಳಿದದ್ದು ಗೊರಗೊರ. ಅದು ಗಾಳಿ.

ನಮ್ಮ ಡಬ್ಬಕ್ಕೆ ಕಳೆದ ಮಳೆಗಾಲದಲ್ಲಿ ಹಿಡಿದದ್ದು ಈ ಗೊರಗೊರ. ಎಷ್ಟು ವಾಲಿಸಿದರೂ ಹೋಗುತ್ತಿರಲಿಲ್ಲ. ಇಪ್ಪತ್ತು ನಿಮಿಷ ತೆಪ್ಪಗಿರುತ್ತಿತ್ತು. ಆಮೇಲೆ ಮೆಲ್ಲಗೆ ಗುಳುಗುಳು ಎಂದು ಆರಂಭಿಸಿ, ಏರುತ್ತ ಏರುತ್ತ ಹೋಗಿ, ಒಂದು ದೊಡ್ಡ ತೇಗು ತೇಗಿ ಥಟ್ಟನೆ ನಿಲ್ಲುತ್ತಿತ್ತು. ಹಗಲಲ್ಲಿ ಯಾರ ಗಮನಕ್ಕೂ ಬಾರದು. ತೊಟ್ಟಿ ಇರುವುದು ಹಾಲಿನಲ್ಲಿ. ಹಾಲಿನ ದಿವಾನದ ಮೇಲೆ ಮಲಗುವವರು ನಮ್ಮ ತಾಯಿ. ಅವರಿಗೆ ಎಪ್ಪತ್ತೆಂಟು. ಒಂದು ಬೆಳಿಗ್ಗೆ ನೋಡಿದರೆ ಅವರ ಹಾಸಿಗೆ ಅಡುಗೆಮನೆಯ ಬಾಗಿಲ ಬಳಿ, ನೆಲದ ಮೇಲೆ. ಮಂಡಿ ನೋವಿನವರು ನೆಲದ ಮೇಲೆ! ಕೇಳಿದರೆ “ಇಲ್ಲಿ ತಣ್ಣಗಿದೆ ಕಣಪ್ಪ” ಎಂದರು. ಜುಲೈ ತಿಂಗಳು, ಹೊರಗೆ ಜಡಿಮಳೆ.

ಆ ರಾತ್ರಿ ನಾನೂ ಎದ್ದು ಹೋಗಿ ಅವರ ಪಕ್ಕದಲ್ಲಿ ಕುಳಿತೆ. ಅವರು ಎಚ್ಚರವಾಗಿಯೇ ಇದ್ದರು.

“ಸದ್ದಿಗೆ ನಿದ್ದೆ ಬರಲ್ವೇನಮ್ಮ?”

“ಸದ್ದಿಗೇನೋ ಆಗುತ್ತೆ, ಅದು ಇದ್ರೆ ಇರ್ಲಿ. ನಿಂತುಬಿಡುತ್ತಲ್ಲ, ಆಗ ಎಚ್ಚರ ಆಗೋದು.” ಸ್ವಲ್ಪ ಹೊತ್ತು ಬಿಟ್ಟು, “ಅಲ್ಲೂ ಹೀಗೇ ಇತ್ತಲ್ಲ, ಬಾಟ್ಲಿ” ಎಂದರು.

ಎರಡು ವರ್ಷದ ಹಿಂದೆ ನಮ್ಮ ತಂದೆ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ತಲೆದೆಸೆಯ ಗೋಡೆಗೆ ಆಮ್ಲಜನಕದ ನಳಿಕೆ; ಅದಕ್ಕೆ ಸಿಕ್ಕಿಸಿದ ಒಂದು ನೀರಿನ ಬಾಟಲಿ. ಒಣಗಾಳಿ ಮೂಗನ್ನು ಸುಡಬಾರದೆಂದು ಅದನ್ನು ನೀರಿನ ಮೂಲಕ ಹಾಯಿಸುತ್ತಾರೆ. ಗುಳುಗುಳು, ಗುಳುಗುಳು, ಹಗಲೂ ರಾತ್ರಿ. ನಾವೆಲ್ಲ ಸರದಿಯ ಮೇಲೆ ಹೋಗಿ ಬರುತ್ತಿದ್ದೆವು. ಸರದಿ ಇಲ್ಲದೆ ಅಲ್ಲೇ ಕುಳಿತವರು ಅಮ್ಮ ಒಬ್ಬರೇ. ಕತ್ತಲಲ್ಲಿ ಮುಖ ಕಾಣದಾಗ ಆ ಸದ್ದನ್ನೇ ಹಿಡಿದುಕೊಂಡು ಕೂತಿದ್ದರೆಂದು ನನಗೆ ತಿಳಿದದ್ದು ಆಗ. ಬಾಟಲಿ ನಿಂತದ್ದನ್ನು ಮೊದಲು ಕೇಳಿದವರೂ ಅವರೇ ಇರಬೇಕು. ನಾನು ಆ ಮಾತು ಎತ್ತಲಿಲ್ಲ.

“ಮೊದಲೇ ಹೇಳಬಾರದಿತ್ತೇ?” ಎಂದೆ.

“ಮಗು ಬರೆದಿಟ್ಟು ಹೋಗಿದೆಯಲ್ಲೋ, ಆರಿಸಬಾರದು ಅಂತ.”

ಮಾರನೆಯ ದಿನ ಭಾನುವಾರ. ಆ ತೇಗನ್ನು ಫೋನಿನಲ್ಲಿ ಹಿಡಿದು ವಾಟ್ಸಾಪಿನಲ್ಲಿ ಮಗಳಿಗೆ ಕಳುಹಿಸಿದೆ. ಅಜ್ಜಿಯ ವಿಷಯ ಬರೆಯಲಿಲ್ಲ, ಸದ್ದಿನದಷ್ಟೇ. ಹತ್ತು ನಿಮಿಷದಲ್ಲಿ ಫೋನು ಬಂತು. “ಇದು ಉಳಿದ ಗಾಳಿ ಅಲ್ಲಪ್ಪ, ಹೊಸದಾಗಿ ಬರ್ತಿರೋ ಗಾಳಿ. ಎಲ್ಲಾದ್ರೂ ನೀರು ತೊಟ್ಟಿಕ್ತಿದೆಯಾ?” ಎಲ್ಲಿಯೂ ಇರಲಿಲ್ಲ. “ಹಾಗಾದ್ರೆ ಮೇಲ್ಗಡೆ ನೋಡು.”

ಇದರ ತರ್ಕ ಬಹಳ ಚೆಂದವಾಗಿದೆ. ತೊಟ್ಟಿಯ ನೀರಿನ ಮಟ್ಟಕ್ಕಿಂತ ಕೆಳಗೆ ಕೊಳವೆ ಬಿರುಕು ಬಿಟ್ಟರೆ ಒಳಗಿನ ಒತ್ತಡ ಹೆಚ್ಚು, ನೀರು ಹೊರಗೆ ಸೋರುತ್ತದೆ, ನೆಲ ಒದ್ದೆಯಾಗುತ್ತದೆ, ಮನೆಯವರು ಬಯ್ಯುತ್ತಾರೆ, ತಪ್ಪು ಪತ್ತೆಯಾಗುತ್ತದೆ. ಆದರೆ ಕೊಳವೆ ತೊಟ್ಟಿಯ ಅಂಚನ್ನು ಹತ್ತಿ ದಾಟುವ ಬಾಗಿನಲ್ಲಿ, ಅಂದರೆ ನೀರಿನ ಮಟ್ಟಕ್ಕಿಂತ ಮೇಲೆ, ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಅಲ್ಲಿ ಬಿರುಕಿದ್ದರೆ ಒಂದು ಹನಿಯೂ ಹೊರಬರುವುದಿಲ್ಲ. ಗಾಳಿ ಒಳಗೆ ಹೋಗುತ್ತದೆ. ಒಣಗಿದ ಜಾಗದಲ್ಲಿ ಸೋರಿಕೆ! ಎಳೆ ಎಳೆಯಾಗಿ ಹೋದ ಗಾಳಿ ಡಬ್ಬದ ತಲೆಯಲ್ಲಿ ಸೇರುತ್ತ ಸೇರುತ್ತ ಇಪ್ಪತ್ತು ನಿಮಿಷಕ್ಕೆ ಒಂದು ಗುಕ್ಕಾಗುತ್ತದೆ. ಆಗ ಚಕ್ರ ಅದನ್ನು ನುಂಗಿ ತೇಗುತ್ತದೆ.

ಬಾಗಿನ ಜೋಡಣೆಯ ಸುತ್ತ ಬೆರಳಲ್ಲಿ ಒಂದಿಷ್ಟು ಗ್ರೀಸು ಮೆತ್ತಿದೆ. ಗಡಿಯಾರ ನೋಡುತ್ತ ಕುಳಿತೆ. ಇಪ್ಪತ್ತು ನಿಮಿಷ, ಮೂವತ್ತು, ಒಂದು ಗಂಟೆ. ಸದ್ದಿಲ್ಲ. ರೋಗ ಅಲ್ಲೇ ಎಂದು ಗೊತ್ತಾಯಿತು. ಗ್ರೀಸು ಕಾಯಂ ಚಿಕಿತ್ಸೆಯಲ್ಲ. ಸಂಜೆ ಮಳೆಯಲ್ಲೇ ಹೋಗಿ ಹೊಸ ಬಾಗು ತಂದೆ. ಹಳೆಯದನ್ನು ಬೆಳಕಿಗೆ ಹಿಡಿದಾಗ ಕೂದಲೆಳೆಯಷ್ಟು ಸೀಳು, ಉಗುರಿನಷ್ಟು ಉದ್ದ. ಹೊಸದನ್ನು ಕೂರಿಸಿ, ಡಬ್ಬಕ್ಕೆ ಮತ್ತೆ ನೀರು ಕುಡಿಸಿ, ವಾಲಿಸಿ ತೇಗಿಸಿ, ಕಪಾಟಿನ ಬಾಗಿಲು ಮುಚ್ಚಿದೆ.

ಅಮ್ಮ ಆ ರಾತ್ರಿಯೂ ಅಡುಗೆಮನೆಯ ಬಳಿಯೇ ಮಲಗಿದರು. ಮರುದಿನವೂ ಅಷ್ಟೆ. ನಾಲ್ಕನೆಯ ರಾತ್ರಿ ಯಾರಿಗೂ ಹೇಳದೆ ದಿವಾನಕ್ಕೆ ಹಿಂದಿರುಗಿದರು. ಹನ್ನೊಂದರ ಸುಮಾರಿಗೆ ನಾನು ದೀಪ ಆರಿಸಲು ಬಂದಾಗ ಎದ್ದು ಕುಳಿತು ಕೇಳಿದರು: “ಏನೂ ಕೇಳಿಸ್ತಾ ಇಲ್ವಲ್ಲೋ, ಓಡ್ತಾ ಇದೆಯೇನೋ ಅದು?”

ತೊಟ್ಟಿಯ ಮೂಲೆಯಲ್ಲಿ ರಿಬ್ಬನ್ನಿನಂಥ ಉದ್ದನೆಯ ಎಲೆಗಳ ಒಂದು ಗಿಡ ಇದೆ. ನೀರು ಬಂದು ಬೀಳುವ ಕಡೆಯಿಂದ ಅದರ ಎಲೆಗಳೆಲ್ಲ ಒಂದೇ ದಿಕ್ಕಿಗೆ ಬಾಗಿ ತೂಗುತ್ತಿರುತ್ತವೆ. ಅದನ್ನು ತೋರಿಸಿ, “ಎಲೆ ಅಲ್ಲಾಡ್ತಾ ಇರೋವರೆಗೂ ಓಡ್ತಾ ಇದೆ ಅಂತ” ಎಂದೆ. ಅವರು ಕನ್ನಡಕ ತರಿಸಿಕೊಂಡು ನೋಡಿದರು.

ಈಗ ದಿವಾನದ ದಿಂಬಿನ ಬಳಿ ಒಂದು ಪುಟ್ಟ ಟಾರ್ಚು ಇರುತ್ತದೆ. ನಡುರಾತ್ರಿ ನೀರಿಗೆಂದು ಎದ್ದಾಗ ಅಮ್ಮ ಒಂದು ಸಲ ಅದನ್ನು ಆ ಮೂಲೆಗೆ ಬಿಡುತ್ತಾರೆ. ಮಲಗಿದ್ದ ಏಂಜಲ್ ಮೀನುಗಳು ಬೆಚ್ಚಿ ಅತ್ತಿತ್ತ ಸರಿಯುತ್ತವೆ. ಮೀನಿಗೂ ಕತ್ತಲೆಯ ನಿದ್ದೆ ಬೇಕು, ಹೀಗೆ ಬೆಳಕು ಹಾಯಿಸಬಾರದು ಎಂದು ನೋಟುಪುಸ್ತಕದ ಆರನೆಯ ಪುಟದಲ್ಲಿದೆ. ಆ ಪುಟವನ್ನು ನಾನು ಅಮ್ಮನಿಗೆ ಓದಿ ಹೇಳಿಲ್ಲ. ಮೊನ್ನೆ ಫೋನಿನಲ್ಲಿ ಮಗಳಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಜ್ಜಿಗೆ ಫೋನ್ ಕೊಡು” ಎಂದಳು.